ಟೇಪು ನಲವತ್ತೊಂದು, ಎರಡನೇ ಮಗ್ಗುಲು

ರೇ ರೋಡಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ
ಹದಿನಾಲ್ಕು ಜೋಪಡಿಗಳ ದನಿ
ಈಗ ಭಾಯಖಳಾದ ಕಬ್ಬಿಣದ ಬೀರುವಿನಲ್ಲಿ,
ನುಸಿಗುಳಿಗೆಯ ಪಕ್ಕ.
ಬೀಗದಕೈ ನನ್ನ ಹತ್ತಿರ.

ಕೆಲಸ ಇಷ್ಟೇ. ಕೇಳು, ಬರೆ,
ಹಿಂದಕ್ಕೆ ತಿರುಗಿಸು, ಮತ್ತೆ ಕೇಳು.
ಮರಾಠಿಯದು ಕದಮ್‌ಗೆ,
ಕಲಬುರಗಿ ಕಡೆಯವರದು ನನ್ನ ಪಾಲು.
ನಾನೋ ಮಾಟುಂಗದಲ್ಲಿ ಹುಟ್ಟಿದವಳು.
ಬಿಡಾರ ಎಂದರೆ ನನಗೆ ಅಪ್ಪನ ಬಾಡಿಗೆ ಮನೆ,
ಹುಸೇನಮ್ಮನಿಗೆ ನಾಲ್ಕು ಬಿದಿರು, ಎರಡು ಹಳೆ ಸೀರೆ,
ಬಂದರಿನವರು ಬಿಸಾಕಿದ ತಾಡಪಾಲು.

ಹದಿನೈದು ವರ್ಷ ಮಲಗಿದ್ದ ಟೇಪು.
ಮಾತಿಗಿಂತ ಮೊದಲು ಸಿಗುವುದು
ಪಂಪ್ ಸ್ಟೋವಿನ ಭುಸುಭುಸು,
ಯಾರದೋ ಮಗುವಿನ ಕೆಮ್ಮು,
ಲಾರಿಯಿಂದ ಇಳಿಯುವ ಸರಳು.
ಅದನ್ನೂ ಬರೆಯಬೇಕೆಂಬುದು ನಿಯಮ.
ಬರೆದೆ: ಸ್ಟೋವು. ಕೆಮ್ಮು, ಮಗು ಯಾರದೋ. ಸರಳು.

ಆಮೇಲೆ ಅವಳು:
"ಸೊಲ್ಲಾಪುರದಾಗ ರೈಲ್ ಹತ್ತಿದ್ವಿ, ತಿಕೀಟ ಇಲ್ಲ.
ನಮ್ಮತ್ತಿ ತಲಿ ಮ್ಯಾಲ ಬೀಸುಕಲ್ಲು.
ಮುಂಬೈದಾಗ ಕಲ್ಲು ಸಿಗೂದಿಲ್ಲೇನು ಅಂತ
ಡಬ್ಬಿ ತುಂಬ ನಕ್ರು.
ಏಳು ಸಲ ಮನಿ ಮುರದ್ರು ಮುನಸಿಪಾಲ್ಟಿಯವ್ರು.
ಬಿದಿರು ಒಯ್ದ್ರು, ತಾಡಪಾಲು ಒಯ್ದ್ರು,
ಒಂದ್ಸಲ ಕುದಿಯೋ ಬ್ಯಾಳಿ, ಗಡಿಗಿ ಸಮೇತ.
ಬೀಸುಕಲ್ಲು ಎತ್ತಾಕ ಮಾತ್ರ ಬ್ಯಾಸರ ಅವ್ರಿಗೆ.
ಅದು ಇದ್ದಲ್ಲೆ ನಮ್ಮ ಮನಿ
ಮತ್ತ ಎದ್ದು ನಿಂತ್ಕೋತಿತ್ತು."

"ಯಾವ ವರ್ಷ ಬಂದ್ರಿ, ಅಮ್ಮಾ?"
ಕೇಳುವ ಹುಡುಗನ ದನಿ.
ಉತ್ತರವಿಲ್ಲ. ತಟ್ಟೆ ಸರಿಸಿದ ಸದ್ದು.
ಎಲೆ ಅಡಿಕೆ ಜಗಿದ ಸದ್ದು.
"ಬಂದದ್ದಾ? ಅದು..."

ಹಾರ್ಬರ್ ಲೈನಿನ ರೈಲು ಬಂತು.
ಒಂಬತ್ತು ಡಬ್ಬಿ, ಹನ್ನೊಂದು ಸೆಕೆಂಡು.
"...ಹಂಗಾತ್ ನೋಡಪ್ಪ."

ಇಪ್ಪತ್ತು ಸಲ ತಿರುಗಿಸಿದೆ.
ಗಾಲಿಯಡಿ ಒಂದು ಇಸವಿ ನುಚ್ಚಾಗಿತ್ತು.
ಇಂಥ ತಾರೀಖಿಗೆ ಮೊದಲು ಬಂದವರಿಗೆ ಕೋಣೆ,
ಮಾರನೇ ದಿನ ಬಂದವರಿಗೆ ಬುಲ್ಡೋಜರು.
ಆ ಇಸವಿ ಇಲ್ಲದೆ ನನ್ನ ಹಾಳೆ ಕುಂಟುತ್ತಿತ್ತು.

ಹೋಗಿ ಕೇಳಿದೆ.
ಅದೇ ಗೋಡೆ, ಅದೇ ಕಲ್ಲು, ಹಲ್ಲು ಮಾತ್ರ ಇಲ್ಲ.
ಹೆಡ್‌ಫೋನು ಹಾಕಿಕೊಂಡು ಕೇಳಿದಳು,
ರೈಲು ಬಂದಾಗ ನಕ್ಕಳು.
"ಕಾದು ಹೇಳಿದ್ನಲ್ಲವ್ವ!
ಎಂಟು ಇಪ್ಪತ್ತರದ್ದು ಅದು.
ಅದರ ಬಾಜೂಕ ಮಲಗಿ ಎದ್ದಾಕಿ, ನನಗ ಗೊತ್ತಿಲ್ಲೇನು?
ಸುಳ್ಳು ಹೇಳಬಾರ್ದು, ಹೇಳಿಲ್ಲ.
ಖರೆ ಕೇಳಿಸಿದ್ರ ಕೊಂಡಾಬಾಯಿ ಮನಿ ಹೋಗ್ತದ.
ಒಂದ ರೈಲಿನಾಗ ಬಂದವ್ರು ನಾವು,
ಆಕಿ ಕಾಗದದಾಗ ಬ್ಯಾರೆ ಬರಸ್ಯಾಳ."

ಮತ್ತೆ ಸುಮ್ಮನಾಗಿ,
"ಇದನ್ನ ಯಾರ್ಯಾರು ಕೇಳ್ತಾರ?"
ಯಾರು ಬೇಕಾದರೂ, ಎಂದೆ, ಹೆಮ್ಮೆಯಿಂದಲೇ.
"ನನ್ನ ಮೊಮ್ಮಗಳು?"
ಒಂದು ಅರ್ಜಿ ತುಂಬಬೇಕು.
"ಏನ್ ಕೇಳ್ತಾರ ಅರ್ಜ್ಯಾಗ?"
ಹೆಸರು, ವಯಸ್ಸು, ಕಾಯಂ...
ನಾನೂ ಒಂದು ರೈಲಿಗಾಗಿ ಕಾದೆ.
ಬರಲಿಲ್ಲ.

ಕದಮ್ ಹೇಳಿದ, ಪರೇಲಿನಲ್ಲಿ ಒಬ್ಬ ಹುಡುಗ
ಕಂಪ್ಯೂಟರಿನಲ್ಲಿ ರೈಲು ಸೋಸಿ ತೆಗೆಯುತ್ತಾನಂತೆ,
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.
ಇಸವಿ ಚೊಕ್ಕ ಕೇಳುತ್ತದಂತೆ.
ಬೇಡ ಅಂದೆ.
ಡಬ್ಬದ ಮೇಲೆ ಕೆಂಪು ಶಾಯಿಯಲ್ಲಿ:
"ರೈಲು ದೋಷವಲ್ಲ. ಹೇಳಿದವಳ ಮಾತು. ತೆಗೆಯಕೂಡದು."

ಗುರುವಾರ ಸಾರಿಕಾ ಬಂದಳು,
ಕಾಲೇಜಿನ ಚೀಲ, ಕೊಡೆ.
ಅರ್ಜಿ ಕೊಡಲಿಲ್ಲ, ಕುರ್ಚಿ ಕೊಟ್ಟೆ.
ಅಜ್ಜಿಯ ಮಾತು ಶುರುವಾಗುವ ಮೊದಲೇ
ಕೈ ಎತ್ತಿ ನಿಲ್ಲಿಸಿದಳು.
"ಹಿಂದೆ ಹೋಗಿ ದೀದಿ. ಅಲ್ಲೇ.
ಆ ಕೆಮ್ಮು ನಂದು."

"ಯಾರದೋ" ಎಂಬುದನ್ನು ಹೊಡೆದು ಹಾಕಿದೆ.
ಅವಳು ಇನ್ನೊಮ್ಮೆ ಕೇಳುತ್ತಿದ್ದಳು,
ಸ್ಟೋವನ್ನು.